ಬ್ಯಾಕ್ಟೀರಿಯ ಕಟ್ಟುವ ಪಾಲಿಯೆಸ್ಟರ್: ಪಾಠ ಹೇಳಿದ್ದೆಷ್ಟು, ಬಿಟ್ಟಿದ್ದೆಷ್ಟು?

"ಜೈವಿಕ ವಿಘಟನೀಯ ಪಾಲಿಮರ್‌ಗೆ ಒಂದು ಉದಾಹರಣೆ ಕೊಡಿ." ದ್ವಿತೀಯ ಪಿಯುಸಿ ರಸಾಯನ ವಿಜ್ಞಾನ ಕಲಿಸಿದವರಿಗೆ ಇದು ಚಿರಪರಿಚಿತ ಪ್ರಶ್ನೆ. ಉತ್ತರವೂ ಅಷ್ಟೇ ಪರಿಚಿತ: ಪಿಎಚ್‌ಬಿವಿ, ಅಂದರೆ ಪಾಲಿ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್-ಕೊ-ಬೀಟಾ-ಹೈಡ್ರಾಕ್ಸಿವ್ಯಾಲರೇಟ್. ಈ ಉದ್ದನೆಯ ಹೆಸರನ್ನೂ ಎರಡು ಮಾನೊಮರ್‌ಗಳನ್ನೂ ತಪ್ಪಿಲ್ಲದೆ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ. ಆದರೆ ಆ ವಿದ್ಯಾರ್ಥಿಗೆ ಈ ವಸ್ತುವಿನ ಬಗ್ಗೆ ಏನು ತಿಳಿಯಿತು? ಈ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

2007ರಲ್ಲಿ ಹೊರಬಂದ ಎನ್‌ಸಿಇಆರ್‌ಟಿ 12ನೇ ತರಗತಿಯ ರಸಾಯನ ವಿಜ್ಞಾನ ಪುಸ್ತಕದ ಪಾಲಿಮರ್ ಅಧ್ಯಾಯದಲ್ಲಿ ಪಿಎಚ್‌ಬಿವಿಗೆ ಒಂದು ಚಿಕ್ಕ ಭಾಗ ಮೀಸಲಾಗಿತ್ತು. ನಮ್ಮ ರಾಜ್ಯದ ಪಿಯುಸಿ ವಿದ್ಯಾರ್ಥಿಗಳೂ ಹಲವು ವರ್ಷ ಇದನ್ನೇ ಓದಿದರು. ಇತ್ತೀಚಿನ ಪಠ್ಯ ಪರಿಷ್ಕರಣೆಯಲ್ಲಿ ಆ ಅಧ್ಯಾಯವೇ ಕೈಬಿಟ್ಟುಹೋಗಿದೆ. ಆದರೂ ಅದರ ಸಾರ ಮಾರ್ಗದರ್ಶಿಗಳಲ್ಲಿ, ಪ್ರವೇಶ ಪರೀಕ್ಷೆಯ ಟಿಪ್ಪಣಿಗಳಲ್ಲಿ, ವಿಜ್ಞಾನ ಪ್ರದರ್ಶನಗಳ ಫಲಕಗಳಲ್ಲಿ ಉಳಿದುಕೊಂಡಿದೆ. ಆ ಸಾರದಲ್ಲಿ ಮೂರು ಸಂಗತಿಗಳಿವೆ. ಒಂದು, ಎರಡು ಹೈಡ್ರಾಕ್ಸಿ ಆಮ್ಲಗಳು ಕೂಡಿ ಪಿಎಚ್‌ಬಿವಿ ಆಗುತ್ತದೆ ಎಂಬ ಸಮೀಕರಣ. ಎರಡು, ವಿಶೇಷ ಪ್ಯಾಕಿಂಗ್, ಮೂಳೆ ಚಿಕಿತ್ಸೆಯ ಸಾಧನ ಮತ್ತು ಔಷಧ ಬಿಡುಗಡೆಯಲ್ಲಿ ಇದರ ಬಳಕೆ. ಮೂರು, ಪರಿಸರದಲ್ಲಿ ಬ್ಯಾಕ್ಟೀರಿಯಗಳಿಂದ ಇದು ವಿಘಟನೆ ಹೊಂದುತ್ತದೆ ಎಂಬ ಮಾತು.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಪ್ಲಾಸ್ಟಿಕ್ ಪಾಠದಲ್ಲಿ ಇಂಥದೊಂದು ವಸ್ತುವಿಗೆ ಜಾಗ ಕೊಟ್ಟದ್ದೇ ಮೆಚ್ಚಬೇಕಾದ ಕೆಲಸ. ಆದರೆ ಮೂರೂ ಕಡೆ ಮುಖ್ಯವಾದುದು ಬಿಟ್ಟುಹೋಗಿದೆ, ಮೂರೂ ಕಡೆ ಬಿಟ್ಟುಹೋದದ್ದು ಒಂದೇ ವಸ್ತು ಎಂಬುದು ಈ ಲೇಖನದ ವಾದ. ಆ ವಸ್ತು ಕಿಣ್ವ. ಕಿಣ್ವವನ್ನು ಬಿಟ್ಟು ಓದಿದಾಗ ಪಿಎಚ್‌ಬಿವಿ ಒಂದು ಪವಾಡದ ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಕಿಣ್ವವನ್ನು ಸೇರಿಸಿ ಓದಿದರೆ ಅದರ ಗುಣವೂ ದೋಷವೂ ಮಿತಿಯೂ ಒಟ್ಟಿಗೆ ಅರ್ಥವಾಗುತ್ತವೆ.

ಸಮೀಕರಣದಲ್ಲಿ ಕಾಣದ ಕೆಲಸಗಾರರು

ಮೊದಲು ಸಮೀಕರಣವನ್ನೇ ನೋಡಿ. ಎಡಗಡೆ 3-ಹೈಡ್ರಾಕ್ಸಿಬ್ಯುಟನಾಯಿಕ್ ಆಮ್ಲ ಮತ್ತು 3-ಹೈಡ್ರಾಕ್ಸಿಪೆಂಟನಾಯಿಕ್ ಆಮ್ಲ. ನಡುವೆ ಒಂದು ಬಾಣ. ಬಲಗಡೆ ಪಾಲಿಮರ್. ಇದನ್ನು ಓದಿದ ವಿದ್ಯಾರ್ಥಿ ಏನೆಂದುಕೊಳ್ಳಬಹುದು? ನೈಲಾನ್, ಟೆರಿಲೀನ್‌ಗಳಂತೆ ಇದನ್ನೂ ಪಾತ್ರೆಯಲ್ಲಿ ಕಾಯಿಸಿ, ನೀರನ್ನು ಹೊರತೆಗೆದು ಪಡೆಯುತ್ತಾರೆ ಎಂದುಕೊಳ್ಳುವುದು ಸಹಜ.

ಈಗ ಬ್ಯಾಕ್ಟೀರಿಯದ ಕೋಶವನ್ನು ನೆನಪಿಸಿಕೊಳ್ಳಿ. ಅದರ ಬಹುಪಾಲು ನೀರು. ಆಮ್ಲ ಮತ್ತು ಆಲ್ಕೊಹಾಲ್ ಸೇರಿ ಎಸ್ಟರ್ ಆಗುವಾಗ ನೀರು ಬಿಡುಗಡೆಯಾಗುತ್ತದೆ. ನೀರು ಹೆಚ್ಚಿದ್ದರೆ ಕ್ರಿಯೆ ಹಿಮ್ಮುಖವಾಗುತ್ತದೆ. ಇದು ಲೆ ಷಾಟಲಿಯೆ ತತ್ತ್ವ ಓದಿದ ಯಾರಿಗೂ ಹೊಳೆಯಬೇಕಾದ ಸಂಗತಿ. ಹಾಗಿದ್ದರೆ ನೀರಿನಲ್ಲೇ ಮುಳುಗಿರುವ ಕೋಶ ಸಾವಿರಾರು ಎಸ್ಟರ್ ಬಂಧಗಳನ್ನು ಹೇಗೆ ಕಟ್ಟುತ್ತದೆ? ಪಾಠದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಉತ್ತರ ಹೀಗಿದೆ. ಕೋಶ ಬಿಡಿ ಆಮ್ಲಗಳನ್ನು ಜೋಡಿಸುವುದಿಲ್ಲ. ಪ್ರತಿ ಆಮ್ಲದ ಘಟಕವನ್ನೂ ಮೊದಲು ಸಹಕಿಣ್ವ ಎ ಎಂಬ ಅಣುವಿಗೆ ಗಂಧಕದ ಮೂಲಕ ಅಂಟಿಸಿಕೊಂಡಿರುತ್ತದೆ. ಇದಕ್ಕೆ ಥಯೋಎಸ್ಟರ್ ಬಂಧ ಎನ್ನುತ್ತಾರೆ. ಸಾಮಾನ್ಯ ಎಸ್ಟರ್‌ಗಿಂತ ಇದರಲ್ಲಿ ಶಕ್ತಿ ಹೆಚ್ಚು. ಆದ್ದರಿಂದ ಥಯೋಎಸ್ಟರ್ ಒಡೆದು ಎಸ್ಟರ್ ಆಗುವುದು ಇಳಿಜಾರಿನ ದಾರಿ. ಇಲ್ಲಿ ಹೊರಬೀಳುವುದು ನೀರಲ್ಲ, ಸಹಕಿಣ್ವ ಎ. ಹೀಗಾಗಿ ಸುತ್ತಲಿನ ನೀರು ಅಡ್ಡಿಯಾಗುವುದಿಲ್ಲ.

ಈ ಕೆಲಸದ ಬಗ್ಗೆ ನಮಗೆ ಹೆಚ್ಚು ತಿಳಿದಿರುವುದು ಮಣ್ಣಿನಲ್ಲಿ ವಾಸಿಸುವ ಕ್ಯುಪ್ರಿಯಾವಿಡಸ್ ನೆಕೇಟರ್ ಎಂಬ ಬ್ಯಾಕ್ಟೀರಿಯದಿಂದ. ಹಳೆಯ ಪುಸ್ತಕಗಳಲ್ಲಿ ಇದನ್ನು ಆಲ್ಕಲಿಜೀನಿಸ್ ಯೂಟ್ರೋಫಸ್ ಅಥವಾ ರಾಲ್‌ಸ್ಟೋನಿಯ ಯೂಟ್ರೋಫ ಎಂದು ಕರೆದಿರುತ್ತಾರೆ, ಮೂರೂ ಒಂದೇ. ಇದರಲ್ಲಿ ಮೂರು ಕಿಣ್ವಗಳು ಸಾಲಾಗಿ ಕೆಲಸ ಮಾಡುತ್ತವೆ. ಮೊದಲನೆಯದು ಥಯೋಲೇಸ್. ಇದು ಎರಡು ಇಂಗಾಲದ ಎರಡು ಅಸಿಟೈಲ್-ಕೋಎ ಅಣುಗಳನ್ನು ಸೇರಿಸಿ ನಾಲ್ಕು ಇಂಗಾಲದ ಅಸಿಟೊಅಸಿಟೈಲ್-ಕೋಎ ಮಾಡುತ್ತದೆ. ಎರಡನೆಯದು ರಿಡಕ್ಟೇಸ್. ಇದು ಎನ್‌ಎಡಿಪಿಎಚ್‌ನಿಂದ ಜಲಜನಕ ಪಡೆದು ಕೀಟೋನ್ ಗುಂಪನ್ನು ಹೈಡ್ರಾಕ್ಸಿಲ್ ಆಗಿಸುತ್ತದೆ. ಮೂರನೆಯದು ಸಿಂಥೇಸ್. ಹೀಗೆ ಸಿದ್ಧವಾದ 3-ಹೈಡ್ರಾಕ್ಸಿಬ್ಯುಟಿರೈಲ್-ಕೋಎ ಅಣುಗಳನ್ನು ಒಂದೊಂದಾಗಿ ಪೋಣಿಸಿ ಎಳೆ ಕಟ್ಟುವುದು ಇದೇ. ಈ ಮೂರರ ಜೀನ್‌ಗಳನ್ನು 1988-89ರ ಸುಮಾರಿಗೆ ಬೇರ್ಪಡಿಸಲಾಯಿತು.

ಪಾಠದ ಎರಡನೆಯ ಆಮ್ಲ ಎಲ್ಲಿಂದ ಬಂತು? ಬ್ಯಾಕ್ಟೀರಿಯಕ್ಕೆ ಗ್ಲೂಕೋಸ್ ಮಾತ್ರ ಕೊಟ್ಟರೆ ಅದು ಬಹುತೇಕ ಬರಿಯ ಪಿಎಚ್‌ಬಿ ಕಟ್ಟುತ್ತದೆ. ಜೊತೆಗೆ ಪ್ರೊಪಿಯಾನಿಕ್ ಆಮ್ಲ ಕೊಟ್ಟರೆ ಮೂರು ಇಂಗಾಲದ ಪ್ರೊಪಿಯಾನೈಲ್-ಕೋಎ ಉಂಟಾಗಿ, ಎರಡು ಇಂಗಾಲದ ಅಸಿಟೈಲ್-ಕೋಎ ಜೊತೆ ಸೇರಿ ಐದು ಇಂಗಾಲದ ಘಟಕವಾಗುತ್ತದೆ. ಇದೇ ಹೈಡ್ರಾಕ್ಸಿವ್ಯಾಲರೇಟ್. ಸಿಂಥೇಸ್ ನಾಲ್ಕು ಇಂಗಾಲದ ಘಟಕವನ್ನೂ ಐದರದ್ದನ್ನೂ ಸ್ವೀಕರಿಸುವುದರಿಂದ ಎರಡೂ ಒಂದೇ ಎಳೆಯಲ್ಲಿ ಬೆರೆಯುತ್ತವೆ. ಅಂದರೆ ಸಮೀಕರಣದ ಎಡಗಡೆ ಇರುವ ಎರಡು ಆಮ್ಲಗಳನ್ನು ಯಾರೂ ಬಾಟಲಿಯಿಂದ ಸುರಿಯುವುದಿಲ್ಲ. ಬ್ಯಾಕ್ಟೀರಿಯದ ಆಹಾರವನ್ನು ಬದಲಿಸಿದರೆ ಪಾಲಿಮರ್ ಬದಲಾಗುತ್ತದೆ. ಬಾಣದ ಮೇಲೆ ಮೂರು ಕಿಣ್ವಗಳ ಹೆಸರು ಬರೆದಿದ್ದರೆ ಈ ಅಚ್ಚರಿ ವಿದ್ಯಾರ್ಥಿಗೆ ತಲುಪುತ್ತಿತ್ತು.

ಕೋಶಕ್ಕೆ ಇದರಿಂದೇನು?

ಬ್ಯಾಕ್ಟೀರಿಯ ನಮಗಾಗಿ ಪ್ಲಾಸ್ಟಿಕ್ ತಯಾರಿಸುತ್ತದೆ ಎಂಬ ಧ್ವನಿ ಜನಪ್ರಿಯ ಬರಹಗಳಲ್ಲಿ ಇಣುಕುತ್ತಿರುತ್ತದೆ. ವಾಸ್ತವದಲ್ಲಿ ಇದು ಕೋಶದ ಕಣಜ. ಫ್ರಾನ್ಸ್‌ನ ಪಾಶ್ಚರ್ ಸಂಸ್ಥೆಯ ಮಾರಿಸ್ ಲೆಮ್ವಾನ್ಯ 1926ರಲ್ಲಿ ಬ್ಯಾಸಿಲಸ್ ಮೆಗಟೀರಿಯಮ್‌ನಲ್ಲಿ ಈ ವಸ್ತುವನ್ನು ಗುರುತಿಸಿದರು. ಅದು ಆಹಾರದ ದಾಸ್ತಾನು ಎಂಬುದು ಸ್ಪಷ್ಟವಾಗಲು 1958ರವರೆಗೆ ಕಾಯಬೇಕಾಯಿತು. ಇಂಗಾಲದ ಆಹಾರ ಸಾಕಷ್ಟಿದ್ದು ಸಾರಜನಕದಂಥ ಬೇರೊಂದು ಪೋಷಕಾಂಶ ಕಡಿಮೆಯಾದಾಗ ದಾಸ್ತಾನು ಹೆಚ್ಚುತ್ತದೆ ಎಂದು ಬ್ರಿಟನ್ನಿನ ಮೆಕ್ರೇ ಮತ್ತು ವಿಲ್ಕಿನ್‌ಸನ್ ಆಗ ತೋರಿಸಿದರು.

ಈ ಲೆಕ್ಕಾಚಾರವನ್ನು ಕೋಶ ಹೇಗೆ ಮಾಡುತ್ತದೆ? ಇಲ್ಲಿಯೂ ಉತ್ತರ ಕಿಣ್ವದಲ್ಲಿದೆ. ಕೋಶ ಚೆನ್ನಾಗಿ ಬೆಳೆಯುತ್ತಿರುವಾಗ ಅಸಿಟೈಲ್-ಕೋಎ ಸಿಟ್ರಿಕ್ ಆಮ್ಲ ಚಕ್ರಕ್ಕೆ ಸೇರಿ ಖರ್ಚಾಗುತ್ತಿರುತ್ತದೆ. ಆಗ ಬಿಡಿ ಸಹಕಿಣ್ವ ಎ ಹೇರಳವಾಗಿರುತ್ತದೆ. ಇದು ಥಯೋಲೇಸನ್ನು ತಡೆಹಿಡಿಯುತ್ತದೆ. ಸಾರಜನಕ ಮುಗಿದು ಬೆಳವಣಿಗೆ ನಿಂತರೆ ಚಕ್ರ ನಿಧಾನವಾಗುತ್ತದೆ, ಅಸಿಟೈಲ್-ಕೋಎ ಒಟ್ಟಾಗುತ್ತದೆ, ಬಿಡಿ ಸಹಕಿಣ್ವ ಎ ಕಡಿಮೆಯಾಗುತ್ತದೆ. ಥಯೋಲೇಸ್‌ನ ತಡೆ ಸಡಿಲವಾಗಿ ಪಾಲಿಮರ್ ಕಟ್ಟುವ ಕೆಲಸ ಶುರುವಾಗುತ್ತದೆ. ಅನುಕೂಲ ಸ್ಥಿತಿಯಲ್ಲಿ ಒಣ ತೂಕದ ಶೇಕಡ 80ರಷ್ಟು ಪಾಲಿಮರ್ ತುಂಬಿಕೊಂಡ ಕೋಶಗಳನ್ನು ಪಡೆಯಬಹುದು. ದಾಸ್ತಾನನ್ನು ಬಿಡಿ ಅಣುಗಳಾಗಿ ಇಟ್ಟುಕೊಂಡರೆ ಅವು ಕರಗಿ, ಪರಾಸರಣದಿಂದ ನೀರು ನುಗ್ಗಿ ಕೋಶ ಉಬ್ಬುವ ಅಪಾಯವಿದೆ. ಕರಗದ ಪಾಲಿಮರ್ ಕಣಗಳಿಗೆ ಆ ತೊಂದರೆಯಿಲ್ಲ. ಗಿಡಗಳು ಗ್ಲೂಕೋಸನ್ನು ಪಿಷ್ಟವಾಗಿ ಕೂಡಿಡುವುದಕ್ಕೂ ಇದೇ ಕಾರಣ. ಜೀವವಿಜ್ಞಾನ ಶಿಕ್ಷಕರು ಈ ಹೋಲಿಕೆಯನ್ನು ಬಳಸಿಕೊಳ್ಳಬಹುದು.

ಬಲಗೈ ಮಾತ್ರ

3-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲದ ಮೂರನೆಯ ಇಂಗಾಲಕ್ಕೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿವೆ. ಆದ್ದರಿಂದ ಇದಕ್ಕೆ ಎಡಗೈ-ಬಲಗೈಗಳಂತೆ ಎರಡು ಪ್ರತಿಬಿಂಬ ರೂಪಗಳುಂಟು. ಇವನ್ನು ಆರ್ ಮತ್ತು ಎಸ್ ಎನ್ನುತ್ತೇವೆ. ಪಾಠದ ಸಮೀಕರಣ ಈ ಬಗ್ಗೆ ಮೌನವಾಗಿದೆ. ಕಿಣ್ವ ಮಾತ್ರ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ರಿಡಕ್ಟೇಸ್ ತಯಾರಿಸುವುದು ಆರ್ ರೂಪವನ್ನು; ಸಿಂಥೇಸ್ ಒಪ್ಪಿಕೊಳ್ಳುವುದೂ ಆರ್ ರೂಪವನ್ನು. ಕೊಬ್ಬಿನ ಆಮ್ಲಗಳು ಒಡೆಯುವ ದಾರಿಯಲ್ಲಿ ಎಸ್ ರೂಪದ ಅಣು ಅದೇ ಕೋಶದಲ್ಲಿ ಉಂಟಾದರೂ ಅದು ಹಾಗೆಯೇ ಈ ಎಳೆಗೆ ಸೇರಲಾರದು.

ಈ ಕಟ್ಟುನಿಟ್ಟಿನ ಪರಿಣಾಮಗಳೇ ಪಿಎಚ್‌ಬಿಯ ಭವಿಷ್ಯವನ್ನು ನಿರ್ಧರಿಸಿವೆ. ಎಲ್ಲ ಘಟಕಗಳೂ ಒಂದೇ ರೂಪದವಾದ್ದರಿಂದ ಎಳೆಗಳು ಒತ್ತಾಗಿ, ಒಪ್ಪವಾಗಿ ಜೋಡಿಸಿಕೊಂಡು ಸ್ಫಟಿಕವಾಗುತ್ತವೆ. ಕೋಶದ ಹೊರಗೆ ತೆಗೆದ ಪಿಎಚ್‌ಬಿಯ ಅರ್ಧಕ್ಕಿಂತ ಹೆಚ್ಚು ಭಾಗ ಸ್ಫಟಿಕ ರೂಪದ್ದು. ಇದರಿಂದ ಅದು ಗಡುಸಾಗುತ್ತದೆ, ಜೊತೆಗೆ ಪೆಡಸಾಗುತ್ತದೆ. ಮುರಿಯುವ ಮುನ್ನ ಅದು ಹಿಗ್ಗುವುದು ತನ್ನ ಉದ್ದದ ಶೇಕಡ 5ರ ಆಸುಪಾಸು ಮಾತ್ರ. ಪಾಲಿಪ್ರೊಪಿಲೀನ್ ಇದರ ಹತ್ತಾರು ಪಟ್ಟು ಹಿಗ್ಗುತ್ತದೆ. ಅದು ಕರಗುವುದು ಸುಮಾರು 175ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಸ್ವಲ್ಪವೇ ಮೇಲೆ ಹೋದರೆ ಎಳೆಗಳು ತುಂಡಾಗತೊಡಗುತ್ತವೆ. ಹೀಗಾಗಿ ಅಚ್ಚಿಗೆ ಹಾಕುವವರಿಗೆ ಸಿಗುವ ತಾಪದ ಅವಕಾಶ ಬಹಳ ಕಿರಿದು. ಪಾಠದಲ್ಲಿ ಪಿಎಚ್‌ಬಿಯ ಬದಲು ಪಿಎಚ್‌ಬಿವಿ ಬರಲು ಕಾರಣವೇ ಇದು. ನಡುನಡುವೆ ಐದು ಇಂಗಾಲದ ಘಟಕ ಸೇರಿದರೆ ಜೋಡಣೆಯ ಒಪ್ಪ ತುಸು ಕೆಡುತ್ತದೆ, ಕರಗುವ ತಾಪ ಇಳಿಯುತ್ತದೆ, ಪೆಡಸುತನ ಸ್ವಲ್ಪ ತಗ್ಗುತ್ತದೆ.

ಇದೇ ಕಟ್ಟುನಿಟ್ಟು ಇನ್ನೊಂದು ಉಪಕಾರವನ್ನೂ ಮಾಡಿದೆ. ಮಣ್ಣಿನ ಅನೇಕ ಬ್ಯಾಕ್ಟೀರಿಯ, ಶಿಲೀಂಧ್ರಗಳು ಪಿಎಚ್‌ಬಿ ಒಡೆಯುವ ಡಿಪಾಲಿಮರೇಸ್ ಕಿಣ್ವಗಳನ್ನು ಹೊರಸೂಸುತ್ತವೆ. ಅವುಗಳಿಗೆ ಪರಿಚಯವಿರುವುದು ಆರ್ ರೂಪದ ಘಟಕಗಳ ನಡುವಿನ ಬಂಧ. ಎರಡೂ ರೂಪಗಳನ್ನು ಬೆರೆಸಿ ಪ್ರಯೋಗಶಾಲೆಯಲ್ಲಿ ರಾಸಾಯನಿಕವಾಗಿ ಕಟ್ಟಿದ ಎಳೆಯಲ್ಲಿ ಎಸ್ ಘಟಕಗಳ ನಡುವಿನ ಬಂಧಕ್ಕೆ ಈ ಕಿಣ್ವಗಳು ತಡಕಾಡುತ್ತವೆ. ಅಂದರೆ ಜೈವಿಕ ವಿಘಟನೆ ಎಂಬುದು ಪಾಲಿಯೆಸ್ಟರ್‌ಗೆ ತಾನಾಗಿ ಬಂದ ಗುಣವಲ್ಲ. ಕಟ್ಟಿದ ಕಿಣ್ವದ ಭಾಷೆ ಬಿಚ್ಚುವ ಕಿಣ್ವಕ್ಕೂ ಬರುತ್ತದೆ, ಅಷ್ಟೇ. ಪಿಎಚ್‌ಬಿಯ ಹಿರಿಮೆ ಮತ್ತು ಕೊರತೆ ಎರಡೂ ಒಂದೇ ಬೇರಿನಿಂದ ಹುಟ್ಟಿವೆ. ಕಿಣ್ವವನ್ನು ಹೇಳದೆ ಇದನ್ನು ಹೇಳಲು ಬರುವುದಿಲ್ಲ.

ಚಿತ್ರ ತಿದ್ದಿದ ಕಥೆ

ಸಿಂಥೇಸ್ ಹೇಗೆ ಪೋಣಿಸುತ್ತದೆ ಎಂಬ ಬಗ್ಗೆ ಕಾಲೇಜು ಮಟ್ಟದ ಬರಹಗಳಲ್ಲಿ ಒಂದು ಚಿತ್ರ ಬಹುಕಾಲ ಚಾಲ್ತಿಯಲ್ಲಿತ್ತು. ಕಿಣ್ವದ ಎರಡು ಅಣುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಪ್ರತಿಯೊಂದರಲ್ಲೂ ಒಂದು ಸಿಸ್ಟೀನ್ ಇದೆ. ಒಂದು ಸಿಸ್ಟೀನ್ ಬೆಳೆಯುವ ಎಳೆಯನ್ನು ಹಿಡಿದುಕೊಂಡರೆ ಎದುರಿನದು ಹೊಸ ಘಟಕವನ್ನು ಹಿಡಿದುಕೊಂಡು, ಎಳೆ ಅತ್ತಿಂದಿತ್ತ ದಾಟುತ್ತಾ ಬೆಳೆಯುತ್ತದೆ ಎಂಬುದು ಆ ಚಿತ್ರ. ಕೊಬ್ಬಿನ ಆಮ್ಲ ತಯಾರಿಸುವ ಕಿಣ್ವದ ಹೋಲಿಕೆಯಿಂದ ಹುಟ್ಟಿದ ಈ ಕಲ್ಪನೆ ಸೊಗಸಾಗಿಯೇ ಇತ್ತು.

2016ರ ಕೊನೆಯ ಹೊತ್ತಿಗೆ ಕ್ಯುಪ್ರಿಯಾವಿಡಸ್ ಸಿಂಥೇಸ್‌ನ ಕ್ರಿಯಾಭಾಗದ ಸ್ಫಟಿಕ ರಚನೆಯನ್ನು ಅಮೆರಿಕದ ಎಂಐಟಿಯ ತಂಡವೂ ಕೊರಿಯಾದ ತಂಡವೂ ಬೇರೆ ಬೇರೆಯಾಗಿ ಪ್ರಕಟಿಸಿದವು. ಜೋಡಿಯಲ್ಲಿರುವ ಎರಡು ಸಕ್ರಿಯ ತಾಣಗಳ ನಡುವಿನ ಅಂತರ ಸುಮಾರು 3.3 ನ್ಯಾನೊಮೀಟರ್ ಎಂದು ಎಂಐಟಿಯ ರಚನೆಯಲ್ಲಿ ತಿಳಿಯಿತು. ಒಂದು ಘಟಕ ಕೈಯಿಂದ ಕೈಗೆ ದಾಟಲು ಇದು ತೀರಾ ದೂರ. ಹಾಗಾಗಿ ಎಲ್ಲವೂ ಒಂದೇ ತಾಣದಲ್ಲಿ ನಡೆಯುತ್ತದೆ ಎಂಬ ವಿವರಣೆಗೆ ಬಲ ಬಂತು. ಆ ತಾಣದಲ್ಲಿ ಮೂರು ಅಮೈನೊ ಆಮ್ಲಗಳಿವೆ: 319ನೆಯ ಸ್ಥಾನದ ಸಿಸ್ಟೀನ್, 508ನೆಯ ಹಿಸ್ಟಿಡೀನ್, 480ನೆಯ ಆಸ್ಪಾರ್ಟೇಟ್. ಹಿಸ್ಟಿಡೀನ್ ಸಿಸ್ಟೀನ್‌ನ ಗಂಧಕವನ್ನು ಚುರುಕುಗೊಳಿಸುತ್ತದೆ. ಎಳೆ ಆ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಹೊಸ ಘಟಕದ ಹೈಡ್ರಾಕ್ಸಿಲ್ ಆ ಬಂಧದ ಮೇಲೆ ಎರಗಿ ಎಳೆಯನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ. ಒಂದು ಘಟಕದಷ್ಟು ಉದ್ದವಾದ ಎಳೆ ಮತ್ತೆ ಸಿಸ್ಟೀನ್‌ಗೆ ಮರಳಿದಾಗ ಸಹಕಿಣ್ವ ಎ ಬಿಡುಗಡೆಯಾಗುತ್ತದೆ.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಈ ಸಿಂಥೇಸ್ ಕೊಬ್ಬನ್ನು ಒಡೆಯುವ ಲೈಪೇಸ್‌ಗಳ ಬಳಗಕ್ಕೆ ಸೇರಿದ್ದು. ಮಡಿಕೆಯ ವಿನ್ಯಾಸ ಒಂದೇ. ಲೈಪೇಸ್‌ನಲ್ಲಿ ಸೆರೀನ್ ಇರುವ ಕಡೆ ಸಿಂಥೇಸ್‌ನಲ್ಲಿ ಸಿಸ್ಟೀನ್ ಇದೆ. ಲೈಪೇಸ್ ತಾನು ಹಿಡಿದ ಆಮ್ಲದ ತುಣುಕನ್ನು ನೀರಿಗೆ ಒಪ್ಪಿಸುತ್ತದೆ, ಬಂಧ ಒಡೆಯುತ್ತದೆ. ಸಿಂಥೇಸ್ ಅದನ್ನು ಇನ್ನೊಂದು ಹೈಡ್ರಾಕ್ಸಿಲ್‌ಗೆ ಒಪ್ಪಿಸುತ್ತದೆ, ಬಂಧ ಕೂಡುತ್ತದೆ. ಪಿಎಚ್‌ಬಿಯನ್ನು ಒಡೆಯುವ ಡಿಪಾಲಿಮರೇಸ್‌ಗಳೂ ಇದೇ ದೊಡ್ಡ ಬಳಗದವು. ಕಟ್ಟುವವರು, ಕೆಡಹುವವರು ಒಂದೇ ಮನೆತನದವರು. ಕಿಣ್ವ ಎಂದರೆ ಬೀಗ ಮತ್ತು ಬೀಗದ ಕೈ ಎಂಬ ಒಂದೇ ಹೋಲಿಕೆಯಲ್ಲಿ ಪಾಠ ಮುಗಿಸುವ ನಮಗೆ ಇದು ಒಳ್ಳೆಯ ಪಾಠ. ಒಪ್ಪಿತ ಚಿತ್ರವೂ ಹೊಸ ಪುರಾವೆ ಬಂದಾಗ ತಿದ್ದಿಸಿಕೊಳ್ಳಬೇಕು ಎಂಬುದು ಇನ್ನೊಂದು.

ವಿಶೇಷ ಪ್ಯಾಕಿಂಗ್ ಏಕೆ ವಿಶೇಷ?

ಪಾಠದ ಎರಡನೆಯ ಸಂಗತಿಗೆ ಬರೋಣ. ವಿಶೇಷ ಪ್ಯಾಕಿಂಗ್‌ನಲ್ಲಿ ಬಳಕೆ ಎಂದಿದೆ. ಸಾಮಾನ್ಯ ಪ್ಯಾಕಿಂಗ್‌ನಲ್ಲಿ ಏಕಿಲ್ಲ ಎಂದು ಕೇಳಿದ ವಿದ್ಯಾರ್ಥಿ ಜಾಣ. ಅವನಿಗೆ ಅಥವಾ ಅವಳಿಗೆ ಹೇಳಬೇಕಾದ ಇತಿಹಾಸ ಇಲ್ಲಿದೆ.

ಬ್ರಿಟನ್ನಿನ ಐಸಿಐ ಕಂಪನಿ 1970ರ ದಶಕದ ತೈಲ ಬಿಕ್ಕಟ್ಟಿನ ಹಿನ್ನೆಲೆಯಲ್ಲಿ ಈ ಕೆಲಸಕ್ಕೆ ಕೈಹಾಕಿತು. ಬಯೋಪಾಲ್ ಎಂಬ ಹೆಸರಿನ ಅದರ ಪಿಎಚ್‌ಬಿವಿಯಿಂದ ಮಾಡಿದ ಶಾಂಪೂ ಬಾಟಲಿಗಳು 1990ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದವು. ಬಯೋಪಾಲ್ ಅಲ್ಲಿಂದ ಜೆನೆಕ ಕಂಪನಿಗೆ, 1996ರಲ್ಲಿ ಮೊನ್ಸಾಂಟೊಗೆ, 2001ರಲ್ಲಿ ಅಮೆರಿಕದ ಮೆಟಬಾಲಿಕ್ಸ್‌ಗೆ ಕೈಬದಲಾಯಿಸಿತು. ವರ್ಷಕ್ಕೆ 50,000 ಟನ್ ಸಾಮರ್ಥ್ಯದ ಕಾರ್ಖಾನೆ ಅಯೋವ ರಾಜ್ಯದಲ್ಲಿ 2010ರಲ್ಲಿ ಆರಂಭವಾಯಿತು; ಪಾಲುದಾರ ಕಂಪನಿ 2012ರಲ್ಲಿ ಹಿಂದೆ ಸರಿಯಿತು. ಜಪಾನಿನ ಕನೆಕ ಕಂಪನಿ ಆರು ಇಂಗಾಲದ ಘಟಕ ಸೇರಿಸಿದ ಬಗೆಯನ್ನು 2019ರಿಂದ ವರ್ಷಕ್ಕೆ 5,000 ಟನ್ ಸಾಮರ್ಥ್ಯದ ಘಟಕದಲ್ಲಿ ತಯಾರಿಸತೊಡಗಿತು. ಈ ಕ್ಷೇತ್ರದ ಮತ್ತೊಂದು ಅಮೆರಿಕನ್ ಕಂಪನಿ ಡೇನಿಮರ್ 2025ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಲೆಮ್ವಾನ್ಯರ ಶೋಧದಿಂದ ಸುಮಾರು ನೂರು ವರ್ಷಗಳಾದರೂ ಈ ವಸ್ತು ಇನ್ನೂ 'ವಿಶೇಷ'ವಾಗಿಯೇ ಉಳಿದಿದೆ.

ಕಾರಣವನ್ನು ಕಪ್ಪುಹಲಗೆಯ ಮೇಲೆ ನೀವೇ ತೋರಿಸಬಹುದು. ಒಂದು ಮೋಲ್ ಗ್ಲೂಕೋಸ್ 180 ಗ್ರಾಂ, ಇಂಗಾಲ ಆರು. ಅದು ಎರಡು ಅಸಿಟೈಲ್-ಕೋಎ ಆಗುವಾಗ ಎರಡು ಇಂಗಾಲ, ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಉಳಿದ ನಾಲ್ಕು ಇಂಗಾಲದಿಂದ ಒಂದು ಹೈಡ್ರಾಕ್ಸಿಬ್ಯುಟಿರೇಟ್ ಘಟಕ. ತೂಕ 86 ಗ್ರಾಂ. ಅಂದರೆ ಬ್ಯಾಕ್ಟೀರಿಯ ತನಗಾಗಿ ಏನನ್ನೂ ಇಟ್ಟುಕೊಳ್ಳದಿದ್ದರೂ ಒಂದು ಕಿಲೊಗ್ರಾಂ ಪಾಲಿಮರ್‌ಗೆ ಎರಡು ಕಿಲೊಗ್ರಾಂಗೂ ಹೆಚ್ಚು ಸಕ್ಕರೆ ಬೇಕು. ಇದರ ಮೇಲೆ ತೊಟ್ಟಿಗೆ ಗಾಳಿ ಊದುವ, ಕಲಕುವ, ಕೋಶ ಒಡೆದು ಪಾಲಿಮರ್ ಬೇರ್ಪಡಿಸುವ, ಒಣಗಿಸುವ ಖರ್ಚು.

ಈ ಲೆಕ್ಕವನ್ನು ಪೂರ್ಣವಾಗಿ ಮಾಡಿ ಚರ್ಚೆಗೆ ತಂದವರಲ್ಲಿ ಟಿಲ್‌ಮನ್ ಗರ್ನ್‌ಗ್ರಾಸ್ ಪ್ರಮುಖರು. ಅವರ ಹೆಸರನ್ನು ಇಲ್ಲಿ ಹೇಳಲು ವಿಶೇಷ ಕಾರಣವಿದೆ. 1995ರಲ್ಲಿ ಅವರೂ ಡೇವಿಡ್ ಮಾರ್ಟಿನ್ ಅವರೂ ಶುದ್ಧೀಕರಿಸಿದ ಸಿಂಥೇಸನ್ನು ಹೈಡ್ರಾಕ್ಸಿಬ್ಯುಟಿರೈಲ್-ಕೋಎ ಜೊತೆ ಬೆರೆಸಿದರು. ಕೋಶವೇ ಇಲ್ಲದೆ ಕೆಲವೇ ನಿಮಿಷಗಳಲ್ಲಿ ಪಾಲಿಮರ್‌ನ ದುಂಡು ಕಣಗಳು ಮೂಡಿದವು. ಕೋಶದೊಳಗಿನ ಕಣ ಸುಮಾರು ಅರ್ಧ ಮೈಕ್ರಾನ್ ಇದ್ದರೆ ಇವು 3 ಮೈಕ್ರಾನ್‌ವರೆಗೆ ಬೆಳೆದವು. ಅಣುತೂಕ ಒಂದು ಕೋಟಿ ಮೀರಿತ್ತು. ಒಂದು ಎಳೆಯಲ್ಲಿ ಲಕ್ಷಕ್ಕೂ ಹೆಚ್ಚು ಘಟಕಗಳು ಎಂದಾಯಿತು. ಕಣ ಕಟ್ಟಲು ಕಿಣ್ವ ಮತ್ತು ಅದರ ಕಚ್ಚಾವಸ್ತು ಇಷ್ಟೇ ಸಾಕು ಎಂದು ತೋರಿಸಿದ ಸುಂದರ ಪ್ರಯೋಗ ಅದು.

ಅದೇ ಗರ್ನ್‌ಗ್ರಾಸ್ 1999ರಲ್ಲಿ ಬೇರೊಂದು ಲೆಕ್ಕ ಮುಂದಿಟ್ಟರು. ಮೆಕ್ಕೆಜೋಳ ಬೆಳೆಯುವ ಗೊಬ್ಬರದಿಂದ ಹಿಡಿದು ಪಾಲಿಮರ್ ಒಣಗಿಸುವವರೆಗೆ ಖರ್ಚಾಗುವ ಕಲ್ಲಿದ್ದಲು, ತೈಲ, ಅನಿಲವನ್ನೆಲ್ಲ ಕೂಡಿದಾಗ ಒಂದು ಕಿಲೊಗ್ರಾಂ ಬ್ಯಾಕ್ಟೀರಿಯ ಪಾಲಿಯೆಸ್ಟರ್‌ಗೆ ಸುಮಾರು 2.4 ಕಿಲೊಗ್ರಾಂ ಪಳೆಯುಳಿಕೆ ಇಂಧನ ಬೇಕಾಗುತ್ತದೆ. ಪಾಲಿಸ್ಟೈರೀನ್‌ಗೆ ಬೇಕಾದುದು ಸುಮಾರು 2.3 ಕಿಲೊಗ್ರಾಂ. ತಾನು ಪ್ರೀತಿಸಿದ ವಸ್ತುವಿನ ವಿರುದ್ಧವೇ ಹೊರಟ ಈ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. ಮೊನ್ಸಾಂಟೊದಲ್ಲಿ ಇದೇ ವಿಷಯದಲ್ಲಿ ದುಡಿದಿದ್ದ ಸ್ಟೀವನ್ ಸ್ಲೇಟರ್ ಜೊತೆ ಸೇರಿ 2000ದಲ್ಲಿ ಸಾಮಾನ್ಯ ಓದುಗರಿಗೂ ಇದನ್ನು ತಿಳಿಸಿದರು.

ಅವರ ಲೆಕ್ಕವೂ ಕೊನೆಯ ಮಾತಲ್ಲ. ಅದು ಅಮೆರಿಕದ ಜೋಳಕ್ಕೆ, ಅಲ್ಲಿನ ಇಂಧನಕ್ಕೆ ಅನ್ವಯಿಸಿದ ಲೆಕ್ಕ. ಪಳೆಯುಳಿಕೆ ಇಂಧನದ ಬದಲು ಕೃಷಿ ತ್ಯಾಜ್ಯ ಉರಿಸಿದರೆ ಫಲಿತಾಂಶ ಬದಲಾಗುತ್ತದೆ. ಬ್ರೆಜಿಲ್‌ನಲ್ಲಿ 1990ರ ದಶಕದಲ್ಲೇ ಸಕ್ಕರೆ ಕಾರ್ಖಾನೆಯ ಆವರಣದಲ್ಲಿ ಪ್ರಾಯೋಗಿಕ ಪಿಎಚ್‌ಬಿ ಘಟಕ ಸ್ಥಾಪಿಸಿ, ಕಬ್ಬಿನ ಸಕ್ಕರೆಯನ್ನು ಆಹಾರವಾಗಿಯೂ ಸಿಪ್ಪೆಯನ್ನು ಇಂಧನವಾಗಿಯೂ ಬಳಸಿದರು. ಸಕ್ಕರೆಯ ಬದಲು ಸಸ್ಯದ ಎಣ್ಣೆ ಕೊಟ್ಟರೆ ಒಂದು ಗ್ರಾಂ ಆಹಾರಕ್ಕೆ ಸಿಗುವ ಪಾಲಿಮರ್ ಹೆಚ್ಚು; ಸೋಯಾ ಎಣ್ಣೆ ಆಧರಿಸಿ ಜಪಾನಿನ ಸಂಶೋಧಕರು 2003ರಲ್ಲಿ ಮಾಡಿದ ಲೆಕ್ಕ ಆಶಾದಾಯಕವಾಗಿತ್ತು. ಕಬ್ಬಿನ ಸೀಮೆಯ ನಮ್ಮ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವಲ್ಲ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲೂ ಈ ಬಗೆಯ ಪಾಲಿಮರ್ ಕುರಿತು ಸಂಶೋಧನೆ ನಡೆದಿದೆ. ಪಾಠದಲ್ಲಿ ಹೇಳಿರುವ ವೈದ್ಯಕೀಯ ಬಳಕೆಯ ದಿಕ್ಕಿನಲ್ಲಂತೂ ಬೆಲೆಯ ತೊಡಕು ಕಡಿಮೆ. ಇದೇ ಕುಟುಂಬದ ಪಾಲಿ-4-ಹೈಡ್ರಾಕ್ಸಿಬ್ಯುಟಿರೇಟ್‌ನಿಂದ ಮಾಡಿದ, ದೇಹದಲ್ಲೇ ಕರಗುವ ಹೊಲಿಗೆ ದಾರಕ್ಕೆ ಅಮೆರಿಕದ ಎಫ್‌ಡಿಎ 2007ರಲ್ಲಿ ಅನುಮತಿ ಕೊಟ್ಟಿತು.

ಪರಿಸರ ಎಂದರೆ ಎಲ್ಲಿ?

ಮೂರನೆಯ ಸಂಗತಿ, ಪರಿಸರದಲ್ಲಿ ವಿಘಟನೆ. ಡಿಪಾಲಿಮರೇಸ್ ಒಂದು ಕಿಣ್ವ. ಅದಕ್ಕೆ ಅದನ್ನು ಸೂಸುವ ಜೀವಿ ಬೇಕು, ತೇವ ಬೇಕು, ತಕ್ಕ ತಾಪ ಬೇಕು, ತಾಗಲು ಮೇಲ್ಮೈ ಬೇಕು. ಜೀವಭರಿತ ಬೆಚ್ಚನೆಯ ಮಣ್ಣಿನಲ್ಲಿ ತೆಳು ಹಾಳೆ ಬೇಗ ಸವೆಯುತ್ತದೆ. ತಣ್ಣನೆಯ ಆಳದ ನೀರಿನಲ್ಲಿ ದಪ್ಪ ಬಾಟಲಿ ಬಹುಕಾಲ ಉಳಿಯುತ್ತದೆ. ಗಾಳಿಯಿಲ್ಲದ ಕಸದ ಗುಡ್ಡೆಯಲ್ಲಿ ವಿಘಟನೆಯಾದರೆ ಮೀಥೇನ್ ಕೂಡ ಹೊರಬರುತ್ತದೆ. ಪರಿಸರ ಎಂಬ ಒಂದೇ ಪದ ಇವನ್ನೆಲ್ಲ ಮರೆಮಾಡಿಬಿಡುತ್ತದೆ.

ಇನ್ನೊಂದು ಗೊಂದಲವನ್ನೂ ನಿವಾರಿಸಬೇಕಾಗಿದೆ. ಪಾಲಿಲ್ಯಾಕ್ಟಿಕ್ ಆಮ್ಲದಲ್ಲಿ ಬ್ಯಾಕ್ಟೀರಿಯ ತಯಾರಿಸುವುದು ಲ್ಯಾಕ್ಟಿಕ್ ಆಮ್ಲವನ್ನು ಮಾತ್ರ. ಕಾರ್ಖಾನೆಯಲ್ಲಿ ಎಳೆ ಕಟ್ಟುವುದು ಸಾಮಾನ್ಯವಾಗಿ ತವರದ ಸಂಯುಕ್ತವೆಂಬ ಕ್ರಿಯಾವರ್ಧಕ. ಅದು ಚೆನ್ನಾಗಿ ಕೊಳೆಯಲು ಸುಮಾರು 58 ಡಿಗ್ರಿ ತಾಪದ ಕೈಗಾರಿಕಾ ಗೊಬ್ಬರ ಘಟಕ ಬೇಕು. ಪಿಬಿಎಟಿ ಎಂಬುದು ಪೆಟ್ರೋಲಿಯಂ ಮೂಲದ್ದು, ಆದರೂ ಜೈವಿಕ ವಿಘಟನೀಯ. ಕಬ್ಬಿನ ಆಲ್ಕೊಹಾಲ್‌ನಿಂದ ಪಡೆದ ಪಾಲಿಥೀನ್ ಸಸ್ಯಮೂಲದ್ದು, ಆದರೆ ಸಾಮಾನ್ಯ ಪಾಲಿಥೀನ್‌ನಷ್ಟೇ ಹಟಮಾರಿ. ಮೂಲ ಬೇರೆ, ಕಟ್ಟಿದವರು ಬೇರೆ, ಕೊಳೆಯುವ ಜಾಗ ಬೇರೆ. 'ಬಯೋ' ಎಂಬ ಒಂದೇ ಅಕ್ಷರಗುಚ್ಛದ ಕೆಳಗೆ ಎಲ್ಲವನ್ನೂ ಸೇರಿಸಿದರೆ ವಿದ್ಯಾರ್ಥಿ ದಾರಿ ತಪ್ಪುತ್ತಾನೆ.

ಇದು ಬರಿಯ ಪದಗಳ ಜಗಳವಲ್ಲ. 2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂದ ಮೇಲೆ 'ಕಾಂಪೋಸ್ಟಬಲ್' ಎಂದು ಅಚ್ಚಾದ ಚೀಲಗಳನ್ನು ಎಲ್ಲೆಡೆ ಕಾಣುತ್ತೇವೆ. ಅವುಗಳಿಗೆ ಅನ್ವಯಿಸುವ ಐಎಸ್/ಐಎಸ್‌ಒ 17088 ಮಾನಕ ಗೊಬ್ಬರ ಘಟಕದಲ್ಲಿ ಕೊಳೆಯುವುದನ್ನು ಕುರಿತದ್ದು. ಚರಂಡಿಗೆ ಅಥವಾ ಕೆರೆಗೆ ಎಸೆದ ಚೀಲದ ಬಗ್ಗೆ ಅದು ಭರವಸೆ ಕೊಡುವುದಿಲ್ಲ. ಜೈವಿಕ ವಿಘಟನೀಯ ಎಂದರೆ ಎಲ್ಲಿ ಬೇಕಾದರೂ ಎಸೆಯಬಹುದಾದದ್ದು ಎಂದು ನಂಬಿದ ಹುಡುಗ ಅಥವಾ ಹುಡುಗಿ ನಾಳೆ ಆ ಚೀಲವನ್ನು ಎಸೆಯುವುದೂ ಹಾಗೆಯೇ. ಚೀಲ ಹಾಗೆಯೇ ಬಿದ್ದಿರುವುದನ್ನು ಕಂಡಾಗ ಅನುಮಾನ ಪಡುವುದು ಮಾತ್ರ ವಿಜ್ಞಾನದ ಮೇಲೆ.

ತರಗತಿಯಲ್ಲಿ ಏನು ಮಾಡಬಹುದು?

ಹೊಸ ಪಠ್ಯ ಬರುವವರೆಗೆ ಕಾಯಬೇಕಿಲ್ಲ. ಪಿಎಚ್‌ಬಿವಿ ಎಂದು ಬರೆಸಿದ ಮೇಲೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಇದರ ಇಂಗಾಲ ಎಲ್ಲಿಂದ ಬಂತು? ಎಳೆಯನ್ನು ಕಟ್ಟಿದವರು ಯಾರು? ಕಟ್ಟಲು ಯಾವ ಇಂಧನ ಉರಿಯಿತು? ಎಲ್ಲಿ ಎಸೆದರೆ, ಯಾವ ಕಿಣ್ವ ಇದನ್ನು ಬಿಚ್ಚುತ್ತದೆ? ಸಮೀಕರಣದ ಬಾಣದ ಮೇಲೆ ಥಯೋಲೇಸ್, ರಿಡಕ್ಟೇಸ್, ಸಿಂಥೇಸ್ ಎಂದು ಬರೆಸಿ. ನಿಮ್ಮ ಕಾಲೇಜಿನಲ್ಲಿ ಸೂಕ್ಷ್ಮದರ್ಶಕವೂ ಸುಡಾನ್ ಬ್ಲ್ಯಾಕ್ ಬಣ್ಣವೂ ಇದ್ದರೆ, ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ ಇರುವ ಮಾಧ್ಯಮದಲ್ಲಿ ಬೆಳೆಸಿದ ಬ್ಯಾಸಿಲಸ್ ಕೋಶಗಳಿಗೆ ಬಣ್ಣ ಹಾಕಿ ತೋರಿಸಿ. ಕೋಶದೊಳಗೆ ಕಪ್ಪಗೆ ಕಾಣುವ ಕಣಗಳು ಬ್ಯಾಕ್ಟೀರಿಯದ ಕಣಜ. ಉದ್ದನೆಯ ಹೆಸರಿಗಿಂತ ಆ ನೋಟ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಕಿಣ್ವ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತದೆ. ಬಲಗೈ ಘಟಕವನ್ನು ಆರಿಸಿ ಪೋಣಿಸುತ್ತದೆ. ಇನ್ನೊಂದು ಕಿಣ್ವ ಬಿಚ್ಚಬಲ್ಲಂತೆ ಪೋಣಿಸುತ್ತದೆ. ತೊಟ್ಟಿಗೆ ಗಾಳಿ ಊದುವ ವಿದ್ಯುತ್ತು ಎಲ್ಲಿಂದ ಬಂತು, ಬಳಸಿದ ಚೀಲ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಹೊಣೆ ಅದರದ್ದಲ್ಲ. ಅದು ನಮ್ಮದು. 1995ರ ಪ್ರಯೋಗದ ಸೊಬಗನ್ನೂ 1999ರ ಲೆಕ್ಕದ ಕಹಿಯನ್ನೂ ಒಬ್ಬನೇ ವಿಜ್ಞಾನಿ ನಮ್ಮ ಮುಂದಿಟ್ಟಿದ್ದಾರೆ. ಎರಡನ್ನೂ ಒಂದೇ ಪೀರಿಯಡ್‌ನಲ್ಲಿ ಕಲಿಸಿದರೆ ನಮ್ಮ ಪಾಠ ಪೂರ್ಣವಾದೀತು.